ಬೇವಿನ ಮರಕ್ಕೆ ಕಟ್ಟಿದ ಕಯಾಕ್

ಗುರುಗ್ರಾಮದಾಚೆಯ ಒಂದು ಕೆರೆಯಲ್ಲಿ ಕಯಾಕ್ ಎಂಬ ಪುಟ್ಟ ದೋಣಿ ನಡೆಸಲು ಕೊಡುತ್ತಾರೆಂದು ಗೊತ್ತಾದ ಮೇಲೆ ಸುಮ್ಮನಿರಲಾಗಲಿಲ್ಲ. ಭಾನುವಾರ, ಸರ್ಕಾರಿ ನೌಕರಿಗೆಂದು ಬಂದು ನೆಲೆಸಿದ ಮಯೂರ್ ವಿಹಾರ್‌ನಿಂದ ಮೆಟ್ರೋ ಹತ್ತಿ ಹೋಗಿಬಿಟ್ಟೆ. ಕುಮಟೆಯ ಕಡೆ ಉಪ್ಪುನೀರಿನ ಕಾಲುವೆಗಳಲ್ಲಿ, ನೀರಲ್ಲೇ ಬೇರೂರಿದ ಕಾಂಡ್ಲಾ ಗಿಡಗಳ ನಡುವೆ ದೋಣಿ ನಡೆಸಿ ಬೆಳೆದವಳು ನಾನು. ಹುಟ್ಟು ಕೈಗೆ ಬಂದದ್ದೇ ತಡ, ತೋಳಿಗೆ ಎಲ್ಲ ನೆನಪಾಯಿತು. ಮೂಗಿಗೆ ಮಾತ್ರ ಏನೂ ಸಿಗಲಿಲ್ಲ. ಇಳಿತದ ಹೊತ್ತಿಗೆ ಕೆಸರಿನಿಂದ ಏಳುವ ಆ ನಾತ! ಊರಲ್ಲಿದ್ದಾಗ ಅದಕ್ಕೇ ಮೂಗು ಮುಚ್ಚಿಕೊಳ್ಳುತ್ತಿದ್ದೆ.

ದಡಕ್ಕೆ ಬಂದವಳು ಕಯಾಕನ್ನು ಮೇಲಿನ ಬೇವಿನ ಮರದವರೆಗೂ ಎಳೆದುಕೊಂಡು ಹೋಗಿ ಹಗ್ಗದಿಂದ ಕಟ್ಟಿದೆ. ಲೈಫ್ ಜಾಕೆಟ್ ನೋಡಿಕೊಳ್ಳುವ ಭಯ್ಯಾ ಓಡಿ ಬಂದ.

“ಇದೇನು ಮೇಡಂ? ನೀರಿನ ಪಕ್ಕದಲ್ಲೇ ಬಿಟ್ಟರೆ ಸಾಕು,” ಎಂದ ಹಿಂದಿಯಲ್ಲಿ.

“ಉಬ್ಬರ ಬಂದರೆ ತೇಲಿಹೋಗುತ್ತಲ್ಲ,” ಅಂದು ನಾಲಿಗೆ ಕಚ್ಚಿಕೊಂಡೆ. ಆಮೇಲೆ ವಿವರಿಸಬೇಕಾಯಿತು. ನಮ್ಮೂರಲ್ಲಿ ನೀರು ದಿನಕ್ಕೆರಡು ಸಲ ಸಮುದ್ರಕ್ಕೆ ಹೋಗಿ ಬರುತ್ತದೆ, ಕಟ್ಟದ ದೋಣಿಯೂ ಅದರ ಜೊತೆ ಹೊರಟುಬಿಡುತ್ತದೆ ಎಂದೆ.

“ಅಚ್ಛಾ! ದಿನಕ್ಕೆರಡು ಸಲ ಮನೆಗೆ ಹೋಗಿ ಬರುತ್ತಾ?” ಎಂದ. “ನನಗೆ ಛಠ್ ಹಬ್ಬಕ್ಕೆ ಊರಿಗೆ ಹೋಗಲು ವರ್ಷಕ್ಕೆ ಒಂದು ಸಲ ರಜೆ ಸಿಕ್ಕರೆ ಅದೇ ದೊಡ್ಡದು. ನಿಮಗೆ?”

“ಸರ್ಕಾರ ಊರಿಗೆ ಟಿಕೆಟ್ ಕೊಟ್ಟ ವರ್ಷ ಮಾತ್ರ.”

ಇಬ್ಬರೂ ಕೆರೆ ನೋಡಿದೆವು. ಅದು ಕದಲದೆ ಬಿದ್ದಿತ್ತು. ಅದಕ್ಕೂ ರಜೆ ಮಂಜೂರಾಗಿಲ್ಲವೇನೋ.

ನಾಚಿಕೆಯಾಗಿ ಹಗ್ಗ ಬಿಚ್ಚಲು ಹೋದೆ. ಭಯ್ಯಾ ತಡೆದು, ತಾನೇ ಇನ್ನೊಂದು ಗಂಟು ಬಿಗಿದ.

“ಇರಲಿ ಮೇಡಂ. ನಮ್ಮಿಬ್ಬರನ್ನೂ ಇಲ್ಲೇ ಬಿಟ್ಟು ಇದೊಂದೇ ಊರಿಗೆ ಹೋಗಿಬಿಟ್ಟರೆ?”