ಹುಲ್ಲುಬಯಲಿನ ತೋಳ

ತೊಂಬತ್ತರ ದಶಕದ ಮಾತು. ನಾನಾಗ ಪುಣೆಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಬಿಬವೇವಾಡಿಯಲ್ಲಿ ಒಂದು ಕೋಣೆ ಹಿಡಿದುಕೊಂಡು ಒಬ್ಬಳೇ ಇದ್ದೆ. ಕೆಳಗಿನ ಮನೆಯಲ್ಲಿ ಧಾರವಾಡದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ನಮ್ಮ ಕಡೆಯ ರೂಢಿಯಂತೆ ಅವರನ್ನು ಅಕ್ಕೋರು ಎನ್ನುತ್ತಿದ್ದೆ. ಭಾನುವಾರ ಬಂದರೆ ಕೊರಳಿಗೆ ಹಳೆಯ ದುರ್ಬೀನು ಹಾಕಿಕೊಂಡು ಬೆಳಿಗ್ಗೆಯೇ ಹೊರಟುಬಿಡುತ್ತಿದ್ದರು. ಎಲ್ಲಿಗೆ ಎಂದು ಒಮ್ಮೆ ಕೇಳಿದೆ.

"ಹಕ್ಕಿ ನೋಡ್ಲಿಕ್ಕೆ ಹೊಂಟೀನಿ. ಬರ್ತಿಯೇನ?"

ಹೋದೆ. ಬಾರಾಮತಿ ಕಡೆಯ ಬಸ್ಸಿನಲ್ಲಿ ಎರಡು ತಾಸು ಕೂತು, ಒಂದು ಸಣ್ಣ ಹಳ್ಳಿಯ ಹತ್ತಿರ ಇಳಿದೆವು. ಊರ ಹಿಂದೆ ಮರವೇ ಇಲ್ಲದ ಹುಲ್ಲುಬಯಲು. ನನಗೆ ಅಲ್ಲಿ ನೋಡುವಂಥದ್ದೇನೂ ಕಾಣಲಿಲ್ಲ. ಅಕ್ಕೋರು ನನ್ನ ಭುಜ ಹಿಡಿದು ತಿರುಗಿಸಿದರು.

"ಕಲ್ಲು ಅಂದ್ಕೊಂಡಿ, ಹೌದಲ್ಲ? ಸರಿಯಾಗಿ ನೋಡು, ಉಸಿರಾಡ್ತದ."

ಗೌಜಲಹಕ್ಕಿಗಳ ಜೋಡಿಯೊಂದು ನೆಲಕ್ಕೆ ಅಂಟಿಕೊಂಡು ಕೂತಿತ್ತು. ಆಮೇಲೆ ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಆ ಬಯಲಿನಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರ ಪರಿಚಯವಾಯಿತು. ಅವರಿಗೆ ಮರಾಠಿ ಬಿಟ್ಟರೆ ಬೇರೆ ಬಾರದು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ; ಹೆಂಗಸರನ್ನು ಅವರು ಗೌರವದಿಂದ ಕರೆಯುವ 'ಬಾಯಿ' ಒಂದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ವರ್ಷಕ್ಕೆ ನಾಲ್ಕಾರು ಕುರಿಮರಿಗಳನ್ನು ತೋಳ ಒಯ್ಯುತ್ತದೆ ಎಂದು ಅವರು ಹೇಳಿದಾಗ, ಸಿಟ್ಟು ಬರುವುದಿಲ್ಲವೇ ಎಂದೆ.

"ಅದರ ಪಾಲು ಅದು ತಗೋತದ, ಬಾಯಿ. ಅದಕ್ಕೂ ಮಕ್ಕಳದಾವ."

ಎರಡು ವರ್ಷ ನಮ್ಮನ್ನು ನೋಡಿದ ಮೇಲೆ, ಒಂದು ಚಳಿಗಾಲದ ಕೊನೆಗೆ, ಅವರಾಗಿಯೇ ನಮ್ಮನ್ನು ಹಳ್ಳದ ದಂಡೆಗೆ ಕರೆದೊಯ್ದರು. ಎದುರು ದಂಡೆಯ ಮಣ್ಣಿನಲ್ಲಿ ಒಂದು ಬಿಲವಿತ್ತು. ಜಾಲಿಗಿಡದ ಮರೆಯಲ್ಲಿ ಒಂದು ತಾಸು ಕೂತಿದ್ದೆವು. ನಾಲ್ಕು ಮರಿಗಳು ಒಂದರ ಮೇಲೊಂದು ಉರುಳುತ್ತ ಹೊರಬಂದವು. ತಾಯಿ ತೋಳ ಹಿಂದಿನಿಂದ ಬಂದು, ನಮ್ಮ ದಿಕ್ಕಿಗೆ ಮೂಗೆತ್ತಿ ನಿಂತು, ನಂತರ ಮಲಗಿತು. ಅಕ್ಕೋರು ನನ್ನ ಕೈ ಹಿಡಿದುಕೊಂಡಿದ್ದರು.

ಸೋಮವಾರ ಆಫೀಸಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಲಿಲ್ಲ. ಜೊತೆಗಾತಿಯೊಬ್ಬಳ ಗಂಡ ಮರಾಠಿ ಪತ್ರಿಕೆಯೊಂದರಲ್ಲಿದ್ದ. ಬರೆದುಕೊಡಿ ಎಂದು ಅವಳ ಮೂಲಕ ಕೇಳಿಸಿದ. ಅಕ್ಕೋರಿಗೆ ಹೇಳಿದೆ.

"ಬರಿ, ಭಾಳ ಚಲೋ ಆತು. ಆದ್ರ ಊರಿನ ಹೆಸರು ಮಾತ್ರ ಹಾಕಬ್ಯಾಡ."

ಹೆಸರಿಲ್ಲದೆಯೇ ಬರೆದುಕೊಟ್ಟೆ. ಅವನು ಆಫೀಸಿಗೆ ಫೋನು ಮಾಡಿ, ಊರೇ ಇಲ್ಲದಿದ್ದರೆ ಓದುವವರು ನಂಬುವುದು ಹೇಗೆ ಎಂದ. ನಾನು ಊರನ್ನು ಹೇಳಿದೆ. ಹಳ್ಳದ ಹೆಸರನ್ನೂ ಹೇಳಿದೆ. ಅವನೇನೂ ಒತ್ತಾಯ ಮಾಡಲಿಲ್ಲ. ಮೂವತ್ತನಾಲ್ಕು ವರ್ಷದ ನನ್ನನ್ನು ಅದುವರೆಗೆ ಯಾರೂ ಏನನ್ನೂ ಇಷ್ಟು ಆಸೆಯಿಂದ ಕೇಳಿರಲಿಲ್ಲ. ಅಷ್ಟೇ.

ಲೇಖನ ಬಂದ ಮುಂದಿನ ಭಾನುವಾರ ಹಳ್ಳದ ದಂಡೆಯಲ್ಲಿ ಮೂರು ಜೀಪುಗಳು ನಿಂತಿದ್ದವು. ಜನ ಬಿಲದ ಬಾಯಿಯ ತನಕ ಇಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಹೋಗಬೇಡಿ ಎಂದೆ. ಒಬ್ಬಾತ ನಗುತ್ತ, "ಪೇಪರಿನಲ್ಲಿ ಬಂದಿದೆಯಲ್ಲ, ತಾಯಿ" ಎಂದ. ಅಕ್ಕೋರು ನನ್ನ ಕಡೆ ನೋಡಿದರು.

ಒಂದು ವಾರ ಬಿಟ್ಟು ಇಬ್ಬರೂ ಹೋದಾಗ, ಮುಂದಿನದನ್ನು ಹೇಳಿದವರು ಕುರಿ ಕಾಯುವ ಆ ಹಿರಿಯರು. ತಾಯಿ ತೋಳ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಊರ ಅಂಚಿನ ಹಳೆಯ ಕಲ್ಲುಗುಂಡಿಯೊಂದರ ಪೊಟರೆಗೆ ಸಾಗಿಸಿತ್ತು. ಬಯಲಿನಲ್ಲಿ ಜನವಿದ್ದುದರಿಂದ ಬೇಟೆಗೆ ದೂರ ಹೋಗಲಾರದೆ ಹಟ್ಟಿಗೆ ನುಗ್ಗಿ, ಎರಡು ದಿನದಲ್ಲಿ ಐದು ಆಡು ಕೊಂದಿತ್ತು. ಊರವರು ಪೊಟರೆಯ ಬಾಯಿಗೆ ಒಣಹುಲ್ಲು ತುರುಕಿ ಬೆಂಕಿಯಿಟ್ಟರು. ನಾಲ್ಕೂ ಮರಿ ಒಳಗೇ ಇದ್ದವು.

"ನಾನು ಬ್ಯಾಡಂದೆ, ಬಾಯಿ. ಆಡು ಅವರವು. ಅವರು ಯಾಕ ಕೇಳ್ತಾರ?"

ತಪ್ಪು ನನ್ನದು ಎಂದು ಅವರಿಗೆ ಹೇಳಬೇಕೆಂದುಕೊಂಡೆ. ಓದು ಬಾರದ ಅವರಿಗೆ ಲೇಖನದ ವಿಷಯ ಗೊತ್ತೇ ಇರಲಿಲ್ಲ. ಹೇಳಲಿಲ್ಲ.

ಮುಂದಿನ ಭಾನುವಾರ ಅಕ್ಕೋರ ಬಾಗಿಲು ಬಡಿದೆ. ಮಂಡಿನೋವು ಅಂದರು. ಅದರ ಮುಂದಿನ ವಾರವೂ ಅದೇ. ಮೂರನೆಯ ಸಲ ನಾನೇ, "ಬೈದುಬಿಡ್ರಿ ಅಕ್ಕೋರ, ಸುಮ್ಮನಿರಬ್ಯಾಡ್ರಿ" ಎಂದೆ.

"ಬೈದ್ರ ನಿನಗ ಹಗುರ ಆಗ್ತದ. ನನಗೇನಾಗ್ತದ?" ಎಂದು ಚಹಾ ಇಡಲು ಒಳಗೆ ಹೋದರು. ಚಹಾ ಕೊಟ್ಟರು, ಊರಿನ ಸುದ್ದಿ ಮಾತಾಡಿದರು. ಎರಡು ವರ್ಷದ ನಂತರ ಧಾರವಾಡದ ತಮ್ಮನ ಮನೆಗೆ ಹೋದರು. ಅಲ್ಲೇ ತೀರಿಕೊಂಡರೆಂದು ಕಾಗದ ಬಂತು. ಕೊನೆಯ ತನಕವೂ ನಮ್ಮ ನಡುವೆ ಆ ಬಯಲಿನ ಮಾತು ಬರಲಿಲ್ಲ.

ನಾನು ಒಬ್ಬಳೇ ಕೆಲವು ಸಲ ಹೋದೆ. ತೋಳ ಮತ್ತೆ ಕಾಣಲಿಲ್ಲ. ಆಮೇಲೆ ಕಾಲುವೆ ಬಂತು, ಬಯಲಿನ ಅರ್ಧಕ್ಕೆ ಕಬ್ಬು ಬಂತು, ಉಳಿದರ್ಧಕ್ಕೆ ಬೇಲಿ ಬಂತು. ಹೋಗುವುದನ್ನು ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ, ಸಂಬಂಧಿಕರ ಜೊತೆ ರಾಂಜಣಗಾಂವದ ಗಣಪತಿಗೆ ಹೋಗಿದ್ದೆ. ದಾರಿಯಲ್ಲಿ ಕಾರು ಕೆಟ್ಟು, ಕಾರ್ಖಾನೆಯೊಂದರ ಗೇಟಿನ ಎದುರು ನಿಂತೆವು. ಕಾವಲಿಗಿದ್ದ ಮುದುಕರೊಬ್ಬರು ನೀರು ತಂದುಕೊಟ್ಟರು. ಖಾಕಿ ಅಂಗಿಯಲ್ಲಿ ಗುರುತೇ ಹತ್ತಲಿಲ್ಲ. ಅವರೇ ನನ್ನನ್ನು ಗುರುತಿಸಿದರು. ಕುರಿ ಮಾರಿ ಮೂರು ವರ್ಷವಾಯಿತಂತೆ. ಮೇಯಿಸಲು ಜಾಗವಿಲ್ಲ.

"ಈಗೂ ಹಕ್ಕಿ ನೋಡ್ತೀರೇನು, ಬಾಯಿ?"

ಇಲ್ಲ ಎಂದೆ.

"ಚಲೋ ಆತು ಬಿಡ್ರಿ. ನೋಡ್ಲಿಕ್ಕೆ ಏನೂ ಉಳಿದಿಲ್ಲ," ಎಂದರು. ಲಾರಿಯೊಂದು ಹಾರನ್ ಹೊಡೆಯಿತು. ಅವರು ಗೇಟು ತೆಗೆಯಲು ಹೋದರು.