ಅನಸೂಯ ಯಹೂದಿ ಆಗದೇ ಉಳಿದದ್ದು

ಸಿಂಗಪುರದ ಕ್ವೀನ್ಸ್‌ಟೌನಿನ ಫ್ಲ್ಯಾಟಿನಲ್ಲಿ ಅನಸೂಯಳ ಪಕ್ಕದ ಮನೆಯವರು ರೇಚಲ್ ಆಂಟಿ. ಬಾಗ್ದಾದಿನಿಂದ ಬಂದ ಯಹೂದಿ ಮನೆತನದ ಮುದುಕಿ, ಹಿಂದೆಮುಂದೆ ಯಾರೂ ಇಲ್ಲ. ಅವರ ಕಣ್ಣು ಮಂಜಾದ ಮೇಲೆ, ಶುಕ್ರವಾರ ಸಂಜೆ ಅವರ ವಾರದ ಪವಿತ್ರ ದಿನ ಶುರುವಾಗುವಾಗ ಹಚ್ಚುವ ದೀಪಕ್ಕೆ ಕಡ್ಡಿ ಗೀರಿ ಕೊಡುವುದು, ಪ್ರಾರ್ಥನೆ ಓದಿ ಹೇಳುವುದು ಅನಸೂಯಳ ಪಾಲಿಗೆ ಬಂತು. ಮೊದಲು ಇಂಗ್ಲಿಷಿನಲ್ಲಿ ಓದುತ್ತಿದ್ದವಳು ಬರಬರುತ್ತಾ ಹೀಬ್ರೂ ಅಕ್ಷರವನ್ನೂ ಕಲಿತಳು. ೧೯೯೪ರಲ್ಲಿ ಆಂಟಿ ತೀರಿಕೊಂಡರು. ಆದರೆ ಶುಕ್ರವಾರ ಬಂತೆಂದರೆ ಅನಸೂಯಳ ಬಾಯಿಗೆ ಆ ಪ್ರಾರ್ಥನೆ ತಾನಾಗಿ ಬರುತ್ತಿತ್ತು. ಕೊನೆಗೊಂದು ದಿನ ಗಂಡ ಶ್ರೀಕಂಠನಿಗೆ ಹೇಳಿಯೇಬಿಟ್ಟಳು: "ರೀ, ನಾನು ಆಂಟಿಯ ಧರ್ಮಕ್ಕೆ ಕನ್ವರ್ಟ್ ಆಗಬೇಕು ಅನ್ಕೊಂಡಿದೀನಿ."

ಶ್ರೀಕಂಠ ಬ್ಯಾಂಕಿನಲ್ಲಿದ್ದ. ಮೈಸೂರಿನ ವೈದಿಕರ ಮನೆಯವನು, ಸಂಧ್ಯಾವಂದನೆ ಮುಗಿಸದೆ ಎಂಆರ್‌ಟಿ ರೈಲು ಹತ್ತಿದವನಲ್ಲ. ಎಷ್ಟೋ ದಿನ ಹೆಂಡತಿಯೊಡನೆ ನೆಟ್ಟಗೆ ಮಾತಾಡಲಿಲ್ಲ. ಸುದ್ದಿ ಕನ್ನಡದವರ ಕಿವಿಗೂ ಬಿತ್ತು. ಗೆಳತಿ ಪದ್ಮಜಾ ಕೇಳಿದಳು: "ಇಸ್ರೇಲ್ ಪಾಸ್‌ಪೋರ್ಟಿಗೇನೇ? ಹೆಂಡತಿ ಕನ್ವರ್ಟ್ ಆದ್ರೆ ಗಂಡನಿಗೂ ಸಿಟಿಜನ್‌ಶಿಪ್ ಸಿಗತ್ತಂತೆ, ಅವನು ಆಗದೇ ಇದ್ರೂ!"

ಕಾನೂನು ಹಾಗೇ ಇತ್ತು. ಆದರೆ ಅನಸೂಯಳಿಗೆ ಅದು ಗೊತ್ತಾದದ್ದು ಆಗಷ್ಟೇ.

ಕೊನೆಗೆ ಶ್ರೀಕಂಠ ಹೆಂಡತಿಯ ಆಸೆಗೆ ಮಣಿದ; ಇಬ್ಬರೂ ವಾಟರ್‌ಲೂ ಸ್ಟ್ರೀಟಿನ ಸಿನಗಾಗಿಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಹೋಗಿ ಅಲ್ಲಿಯ ಗುರುಗಳಾದ ರಬ್ಬಿಯನ್ನು ಕಂಡರು. ಎಲ್ಲವನ್ನೂ ಕೇಳಿಸಿಕೊಂಡು ಅವರು ಹೇಳಿದರು: "ಪೌರತ್ವ ಸರ್ಕಾರದ ವಿಷಯ, ನಮ್ಮ ಶಾಸ್ತ್ರ ಬೇರೆ, ಅದು ಬೇರೆ ಧರ್ಮದವರೊಡನೆ ಮದುವೆಯನ್ನು ಒಪ್ಪುವುದಿಲ್ಲ. ಗಂಡ ಹಿಂದುವಾಗಿಯೇ ಇದ್ದರೆ ಹೆಂಡತಿಯೊಬ್ಬಳನ್ನೇ ಸೇರಿಸಿಕೊಳ್ಳಲಾರೆ."

"ನಾನೂ ಬಂದರೆ?" ಎಂದ ಶ್ರೀಕಂಠ.

ಅನಸೂಯ ಬೆಚ್ಚಿ ಅವನತ್ತ ತಿರುಗಿದಳು.

"ನಿಮಗೆ ನಂಬಿಕೆಯಿದೆಯೇ?" ಎಂದು ರಬ್ಬಿ ಕೇಳಿದರು.

"ಇಲ್ಲ. ಅವಳಿಗಿದೆಯಲ್ಲ."

"ಅದು ಸಾಲದು," ಎಂದರು ರಬ್ಬಿ, ಮೆಲ್ಲಗೆ.

ಬೀದಿಗೆ ಬಂದ ಮೇಲೆ ಅನಸೂಯ ರೇಗಿದಳು. "ಯಾಕ್ರೀ ಹಾಗಂದ್ರಿ?"

"ಇನ್ನೇನು ಮಾಡ್ಲಿ? ನಿನ್ನ ಬಿಟ್ಟುಬಿಡ್ಲಾ?"

"ನಿಮ್ಮ ಜನಿವಾರ ತೆಗೆಸಿ ನಾನ್ಯಾವ ಪುಣ್ಯ ಕಟ್ಕೊಳ್ಲಿ? ಸಾಕು, ನಡೀರಿ."

ಅಲ್ಲಿಗೆ ಆ ಮಾತು ಮುಗಿಯಿತು, ಬೇಜಾರು ಮುಗಿಯಲಿಲ್ಲ. ಪ್ರಾರ್ಥನೆ ಕೇಳಲು ಬರಬಹುದೆಂದು ರಬ್ಬಿ ಹೇಳಿದ್ದರಿಂದ ಶನಿವಾರಗಳಂದು ಅವಳು ಹೋಗಿ ಮೇಲಂತಸ್ತಿನ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು. ಅಷ್ಟು ಹೊತ್ತು ಶ್ರೀಕಂಠ ಅದೇ ಬೀದಿಯ ಕೃಷ್ಣನ ಗುಡಿಯಲ್ಲಿರುತ್ತಿದ್ದ. ೧೯೯೮ರಲ್ಲಿ ಇಬ್ಬರೂ ಸಿಂಗಪುರದ ಸಿಟಿಜನ್ ಆದರು. ಅದಕ್ಕೆ ಯಾವ ಧರ್ಮವೆಂದು ಯಾರೂ ತಕರಾರು ಮಾಡಲಿಲ್ಲ.

ಸಿನಗಾಗಿನಲ್ಲಿ ಹೊಸಬರು ಯಾರಾದರೂ "ನೀವು ಯಹೂದಿಯಾ?" ಎಂದು ಕೇಳುವುದಿತ್ತು. "ಅಲ್ಲ" ಎನ್ನುತ್ತಿದ್ದಳು. ಹಾಗೆಂದು ಪುಸ್ತಕ ತೆರೆದು ಹೀಬ್ರೂ ಪ್ರಾರ್ಥನೆಯನ್ನು ತಾನೂ ಓದತೊಡಗುತ್ತಿದ್ದಳು.