ಬದುಕಿದ್ದವನಿಗೆ ಇಟ್ಟ ಎಡೆ

ನಮ್ಮ ತವರಿನಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಎಲೆಗೆ ಬಡಿಸುತ್ತೇವೆ. ಅಪ್ಪನಿಗೆ ನಶ್ಯದ ಡಬ್ಬಿ, ಅಜ್ಜಿಗೆ ಎಲೆಯಡಿಕೆ, ಚಿಕ್ಕಪ್ಪನಿಗೆ ಒಂದು ಕ್ವಾರ್ಟರ್ ಬ್ರಾಂದಿ. ಹೋದ ವರ್ಷ ನಮ್ಮಣ್ಣ ಇನ್ನೊಂದು ಎಲೆ ಹಾಕಲೇಬೇಕೆಂದು ಹಟ ಹಿಡಿದ. ಯಾರಿಗೆಂದರೆ, ಇಂಗ್ಲಿಷಿನವರ ಒಂದು ಹಳೆಯ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನಿಗೆ.

"ಯಾರ್ಲಾ ಅದು? ನಮ್ ಕಡೆಯೋನಾ?" ಅವ್ವ ಕೇಳಿದಳು.

"ನಮಗೆ ಬೇಕಾದೋನು ಕಣವ್ವ."

"ಸರಿ ಬಿಡು. ಉಣ್ಣಕ್ಕೆ ಏನಿಷ್ಟ ಅವ್ನಿಗೆ?"

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹರೆಯದಿಂದ ಆ ಕೀಬೋರ್ಡಿನವನ ಕೈಬೆರಳ ಸದ್ದನ್ನು ಕೇಳಿಕೊಂಡೇ ಬಂದವರಿಗೆ ಅವನು ಏನು ತಿನ್ನುತ್ತಿದ್ದ ಎನ್ನುವುದು ಗೊತ್ತಿರಲಿಲ್ಲ. ಕೊನೆಗೆ ಅವ್ವನೇ, "ಕಡುಬು ಬ್ಯಾಡ ಅನ್ನೋರು ಯಾರವ್ರೆ" ಎಂದು ತೀರ್ಮಾನ ಕೊಟ್ಟಳು.

ಈ ಹುಚ್ಚು ನಮಗೆ ಹತ್ತಿದ್ದು ಹಗರೆಯಿಂದ. ಅಣ್ಣನ ಜೊತೆ ಕಾಲೇಜಿನಲ್ಲಿ ಓದಿದ ಗೆಳೆಯನ ಊರು ಅದು. ನಾನು ಅವನನ್ನು ಹಗರೆಯಣ್ಣ ಎನ್ನುತ್ತೇನೆ. ಹಳೇಬೀಡು ನೋಡಿಕೊಂಡು ಬರುತ್ತಿದ್ದ ಯಾರೋ ಫಾರಿನ್ನವರ ಜೀಪು ಅವರ ಊರಿನ ಕೆಸರಲ್ಲಿ ಹೂತುಹೋದಾಗ ಅವರಪ್ಪ ಎತ್ತು ಕಟ್ಟಿ ಎಳೆಸಿದರಂತೆ. ಆ ಪುಣ್ಯಾತ್ಮರು ದುಡ್ಡು ಕೊಡಲು ಬಂದರೆ ಅವರಪ್ಪ ಬೇಡವೆಂದರು. ಜೀಪಿನಲ್ಲಿ ಹಾಡುತ್ತಿದ್ದ ಕ್ಯಾಸೆಟ್ ಕಡೆಗೆ ಮಗ ಕೈ ತೋರಿಸಿದ. ಹಾಗೆ ಬಂತು ಅದು, ಡಬ್ಬಿಯೂ ಇಲ್ಲ, ಚಿತ್ರವೂ ಇಲ್ಲ. ಒಂದು ಬದಿ ಪೂರ್ತಿ ಒಂದೇ ಹಾಡು. ಮೊದಲ ಸಲ ಕೇಳಿದಾಗ ಟೇಪ್ ಕೆಟ್ಟಿದೆ ಎಂದುಕೊಂಡೆ. ಒಂದು ತಿಂಗಳಾಗುವಷ್ಟರಲ್ಲಿ ಅಡುಗೆಮನೆಯಲ್ಲಿ ರಾಗಿಮುದ್ದೆ ತೊಳಸುತ್ತಾ ಅದನ್ನೇ ಗುನುಗುತ್ತಿದ್ದೆ. ಇದಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರಿದೆ ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆಮೇಲೆ ಬೆಂಗಳೂರಿನಿಂದ ಇನ್ನಷ್ಟು ಕ್ಯಾಸೆಟ್ ಬಂದವು. ಎಲ್ಲ ಯಾರೋ ಕಾಪಿ ಮಾಡಿಕೊಟ್ಟವು. ಬ್ಯಾಂಡ್ ಒಂದೇ, ಆದರೆ ಕೀಬೋರ್ಡ್ ನುಡಿಸುವವನು ಮಾತ್ರ ಬದಲಾಗುತ್ತಿದ್ದಾನೆ ಎನ್ನುವುದನ್ನು ನಾವು ಕಿವಿಯಿಂದಲೇ ಕಂಡುಹಿಡಿದೆವು. ಒಟ್ಟು ಮೂವರು. ಹೆಸರು ನಾಲಿಗೆಗೆ ಹೊರಳದ ಕಾರಣ ದೊಡ್ಡೋನು, ನಡುವಿನೋನು, ಚಿಕ್ಕೋನು ಎಂದು ಕರೆದೆವು. ದೊಡ್ಡೋನು ಅಣ್ಣನ ಪಾಲು. ಒಂದು ಸ್ವರ ಒತ್ತಿ ಹಿಡಿದರೆ ನಮ್ಮ ಉಸಿರು ಮುಗಿದರೂ ಅವನು ಬಿಡುತ್ತಿರಲಿಲ್ಲ. ನಡುವಿನೋನು ಹಗರೆಯಣ್ಣನ ಪಾಲು. ಅವನ ಬೆರಳು ನಿಂತದ್ದನ್ನು ಯಾರೂ ಕೇಳಿಲ್ಲ. ಚಿಕ್ಕೋನು ಒಂದೇ ಆಲ್ಬಮ್ ನುಡಿಸಿ ಹೋದ, ಪಾಪ. ಅವನ ಪರ ಯಾರೂ ಇಲ್ಲವಲ್ಲ ಎಂದು ನಾನೇ ಹಿಡಿದುಕೊಂಡೆ. ಈಗಲೂ ನನ್ನ ಲೆಕ್ಕದಲ್ಲಿ ಅವನೇ ಜಾಣ, ಯಾರು ಏನಾದರೂ ಅನ್ನಲಿ.

ನಾನು ಹಾರನಹಳ್ಳಿಗೆ ಮದುವೆಯಾಗಿ ಹೋದ ಮೇಲೂ ತಿಂಗಳಿಗೊಂದು ಭಾನುವಾರ ಮೂವರೂ ಅರಸೀಕೆರೆಯ ತವರುಮನೆಯಲ್ಲಿ ಸೇರುತ್ತಿದ್ದೆವು. ಅದು ನಿಂತದ್ದು ಎರಡು ಮಾತಿನಿಂದ. ಹಗರೆಯಣ್ಣ ಒಂದು ಸಲ ತಮಾಷೆಗೆ, "ನಿಮ್ ದೊಡ್ಡೋನು ನುಡಿಸೋನಲ್ಲ ಕಣ್ಲಾ, ಬರೀ ಅದುಮ್ಕಂಡು ಕೂರೋನು" ಎಂದ. ಅಣ್ಣನಿಗೆ ಉರಿಯಿತು. "ನಿನ್ನೋನು ಹಾಲಿಗೆ ನೀರು ಬೆರೆಸ್ದಂಗೆ ನುಡಿಸ್ತಾನೆ" ಎಂದುಬಿಟ್ಟ. ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಬದುಕುವವನಿಗೆ ಆಡುವ ಮಾತೇ ಅದು? ಹಗರೆಯಣ್ಣ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗಾಯಿತು.

ಎಡೆ ಇಟ್ಟ ಆ ವರ್ಷದ ಬೇಸಿಗೆಯಲ್ಲಿ ಹಗರೆಯಣ್ಣನಿಗೆ ಹಾಸನದ ಆಸ್ಪತ್ರೆಯಲ್ಲಿ ಎದೆಗೆ ಸ್ಟೆಂಟ್ ಹಾಕಿದರು. ನಾನು ಹೋಗಿ ನೋಡಿಕೊಂಡು ಬಂದೆ. ಅಣ್ಣ ಹೋಗಲಿಲ್ಲ. ಅವತ್ತಿನಿಂದ ನಾನು ಅಣ್ಣನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಹೇಗಾದರೂ ಈ ಇಬ್ಬರು ಮುದುಕರನ್ನು ಮತ್ತೆ ಒಂದು ಟೇಪಿನ ಮುಂದೆ ಕೂರಿಸಬೇಕು ಎನ್ನುವುದೊಂದೇ ನನ್ನ ಮನಸ್ಸಿನಲ್ಲಿತ್ತು. ಯಾರಾದರೊಬ್ಬರು ಹೋದಮೇಲೆ ಕೂತು ಏನು ಪ್ರಯೋಜನ?

ದೊಡ್ಡೋನು ತೀರಿಕೊಂಡ ಸುದ್ದಿ ಮೊಬೈಲಿನಲ್ಲಿ ಬಂದಾಗ ನಾನೇ ಹಗರೆಗೆ ಫೋನ್ ಮಾಡಿದೆ. "ಅಮಾಸೆ ದಿನ ದೊಡ್ಡೋನಿಗೆ ಎಡೆ ಇಡ್ತಾವ್ನೆ ಅಣ್ಣ. ನೀನು ಬರದೆ ಇದ್ರೆ ನಿಂಗೂ ನಂಗೂ ಮಾತಿಲ್ಲ" ಎಂದೆ.

"ಹಾಲು ಹಾಕಿ ಬತ್ತೀನಿ ಕಣಮ್ಮ" ಎಂದ ಹಗರೆಯಣ್ಣ.

ಅಮಾವಾಸ್ಯೆ ಮಧ್ಯಾಹ್ನ ಅಣ್ಣ ಮೊಬೈಲಿನಲ್ಲಿ ಬ್ಯಾಂಡಿನ ಹೆಸರು ಹಾಕಿ ಹುಡುಕಿದ ಒಂದು ಫೋಟೋವನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದ. ಉದ್ದ ಕೂದಲು, ದಪ್ಪ ಮೀಸೆ, ಮುಂದೆ ಕೀಬೋರ್ಡು. ಅಪ್ಪನ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಎಲೆಗೆ ಕಡುಬು, ಹುಗ್ಗಿ ಬಡಿಸಿದೆವು. ಧೂಪ ಹಾಕಿ, ಟೇಪ್ ಹಚ್ಚಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದೆವು. ಅಷ್ಟರಲ್ಲಿ ಹಗರೆಯಣ್ಣ ಬಂದ. ಸಣ್ಣಗಾಗಿದ್ದ. ಅಣ್ಣನನ್ನು ಮಾತಾಡಿಸಲಿಲ್ಲ. ಸ್ವಲ್ಪ ಹೊತ್ತು ಕಾದು ಅವ್ವ ಬಾಗಿಲು ತೆಗೆದಳು. ಕೈ ಮುಗಿಯಲು ಒಳಗೆ ಹೋದವನು ಅಲ್ಲಿಂದಲೇ ಕೂಗಿಕೊಂಡ.

"ಅಯ್ಯೋ ನಿಮ್ಮ! ಇವ್ನು ನಡುವಿನೋನು! ಬದುಕವ್ನೆ ಕಣ್ರೋ! ಮೊನ್ನೆ ತಾನೆ ಮೊಬೈಲ್‌ನಾಗೆ ನುಡಿಸ್ತಿದ್ದ!"

ಕಿವಿಯಲ್ಲಿ ಕೇಳಿ ಬೆಳೆದ ನಮಗೆ ಮುಖದ ಗುರುತೆಲ್ಲಿ? ಬದುಕಿದ್ದವನ ಫೋಟೋಗೆ ಹಾರ ಹಾಕುವುದಕ್ಕಿಂತ ಅಪಶಕುನ ಬೇರೆ ಇಲ್ಲ. ಹಗರೆಯಣ್ಣ ಹಾರ ತೆಗೆದು, ಪಂಚೆಯ ಅಂಚಿನಿಂದ ಕುಂಕುಮ ಒರೆಸತೊಡಗಿದ. ತನ್ನ ಹಣೆಯದನ್ನೇ ಒರೆಸಿಕೊಳ್ಳುವ ಹಾಗಿತ್ತು. ನನಗೆ ಹೆದರಿಕೆಯಾಯಿತು.

ಅವ್ವ ಮಾತ್ರ ಅಲ್ಲಾಡಲಿಲ್ಲ. "ಕಾಗೆ ತಲೆ ಮುಟ್ಟಿದ್ರೆ ನೆಂಟ್ರಿಗೆಲ್ಲ ಸತ್ತೋದ ಅಂತ ಸುಳ್ಳು ಹೇಳಿ ಕಳಿಸಲ್ವಾ? ಅವ್ರು ಅತ್ರೆ ದೋಸ ಕಳೀತದೆ, ಆಯಸ್ಸು ಹೆಚ್ತದೆ. ಇದೂ ಅಂಗೇಯ. ಎಲೆ ದೊಡ್ಡೋನಿಗೇ ಇರ್ಲಿ. ನೀವಿಬ್ರೂ ಜಗಲಿ ಮೇಲೆ ಕೂತ್ಕಂಡು ಇವ್ನಿಗೆ ಅಳಿ. ಕಣ್ಣಾಗೆ ನೀರು ಬರಬೇಕು, ಮತ್ತೆ!"

ಅವ್ವನ ಮಾತು ಮೀರಿದವರಿಲ್ಲ. ಇಬ್ಬರೂ ಕೂತರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ಅಣ್ಣ ಹೆಗಲ ಟವಲ್ ಮುಖಕ್ಕೆ ಹಿಡಿದು ಗೊಳೋ ಎಂದ. ಹಗರೆಯಣ್ಣ ಮೂಗು ಎಳೆದ. ನಗು ತಡೆಯಲಾರದೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಒಳಗೆ ಟೇಪಿನಲ್ಲಿ ದೊಡ್ಡೋನ ಆ ಉದ್ದನೆಯ ಸ್ವರ ಬಂತು. ಅದು ಮುಗಿದರೂ ಅಣ್ಣನ ಹೆಗಲು ಅಲ್ಲಾಡುವುದು ನಿಲ್ಲಲಿಲ್ಲ.

"ಸಾಕು ಬಿಡ್ಲಾ" ಎಂದ ಹಗರೆಯಣ್ಣ. ಅದು ಅವನು ಅಣ್ಣನಿಗೆ ಆಡಿದ ಮೊದಲ ಮಾತು. "ನೂರು ವರ್ಷ ಆಯಸ್ಸು ಬಂತು ಅವ್ನಿಗೆ."

"ಅವ್ನಿಗಲ್ಲ ಕಣ್ಲಾ" ಟವಲಿನೊಳಗಿಂದ ಅಣ್ಣ ಹೇಳಿದ. "ನಿನ್ ಎದೆ ಸುದ್ದೀನ ನಮ್ ಕೊಬ್ರಿ ಮಂಡಿಗೆ ಬಂದ ಲಾರಿಯೋನು ಹೇಳ್ಬೇಕಾಯ್ತು ನಂಗೆ."

"ಗೊತ್ತಾದ್ಮೇಲಾದ್ರೂ ಬಂದ್ಯಾ ನೀನು?"

"ಬಂದಿದ್ದೆ. ವಾರ್ಡಿನ ಬಾಗ್ಲಾಗೆ ನಿಂತಿದ್ದೆ. ನಿದ್ದೆ ಮಾಡ್ತಿದ್ದೆ ನೀನು. ಎದ್ದು ನನ್ ಮಖ ನೋಡಿ ಆಚೆ ಹೋಗು ಅಂದ್ರೆ ಏನ್ ಮಾಡ್ಲಿ ಅಂತ ಬಸ್ ಹತ್ತಿದೆ."

ನನಗೆ ಇದು ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಹಗರೆಯಣ್ಣ ನಡುವಿನ ಜಾಗ ದಾಟಿ ಸರಿದುಬಂದು, ಅಣ್ಣನ ಟವಲಿನ ಇನ್ನೊಂದು ತುದಿ ಎಳೆದು ತನ್ನ ಕಣ್ಣಿಗೆ ಒತ್ತಿಕೊಂಡ.

"ಎಬ್ಬಿಸ್ಬೇಕಿತ್ತು ಕಣ್ಲಾ" ಎಂದ.